ವಯಸ್ಸಾಯಿತೆಂದು ಬಿಟ್ಟುಹೋದ ನಾಯಿಗೆ ನಿಜಕ್ಕೂ ಏನಾಗಿರುತ್ತದೆ?

ಮುದಿನಾಯಿಯನ್ನು ಮನೆಯಿಂದ ಹೊರಹಾಕುವವರು ಕೊಡುವ ಕಾರಣಗಳು ಊರು ಬದಲಾದರೂ ಬದಲಾಗುವುದಿಲ್ಲ. ಕಣ್ಣು ಮಂಜಾಗಿದೆ, ಏಳಲು ತಿಣುಕುತ್ತದೆ, ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ, ರಾತ್ರಿಯೆಲ್ಲ ಬೊಗಳುತ್ತದೆ. ಕೊನೆಗೆ ಎಲ್ಲಕ್ಕೂ ಸೇರಿಸಿ ಒಂದು ಮಾತು: ‘ವಯಸ್ಸಾಯಿತು, ಇನ್ನೇನು ಮಾಡೋಣ?’ ಚಿಕ್ಕಬಳ್ಳಾಪುರದ ಸುತ್ತಮುತ್ತ ಇಂಥ ನಾಯಿಗಳನ್ನು ತಂದು ಸಾಕುವವರ ಜೊತೆ ಓಡಾಡಿಕೊಂಡಿರುವ ನನಗೆ ಈ ಮಾತಿನ ಮೇಲೆ ದೊಡ್ಡ ತಕರಾರಿದೆ. ವಯಸ್ಸನ್ನು ರೋಗವೆಂದು ತಿಳಿದ ಕ್ಷಣದಿಂದ ನಿಜವಾದ ರೋಗವನ್ನು ಹುಡುಕುವುದನ್ನು ನಾವು ನಿಲ್ಲಿಸಿಬಿಡುತ್ತೇವೆ. ಆ ನಾಲ್ಕು ದೂರುಗಳ ಹಿಂದೆಯೂ ಹೆಸರಿಟ್ಟು ಹೇಳಬಹುದಾದ ಕಾರಣಗಳಿವೆ. ಕೆಲವಕ್ಕೆ ಶಸ್ತ್ರಚಿಕಿತ್ಸೆ ಬೇಕು, ಹಲವಕ್ಕೆ ಮಾತ್ರೆ ಸಾಕು, ಒಂದೆರಡಕ್ಕೆ ನೆಲದ ಮೇಲೆ ಹಾಸಿದ ಗೋಣಿಚೀಲವೇ ಅರ್ಧ ಮದ್ದು.

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ನಮ್ಮ ಜಿಲ್ಲೆಯ ಉದ್ದಕ್ಕೂ ಹಾಯ್ದು ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಸೇರುತ್ತದೆ. ಕಾರು ನಿಲ್ಲಿಸಿ, ಬಾಗಿಲು ತೆರೆದು, ನಾಯಿಯನ್ನು ಇಳಿಸಿ ಹೋಗುವುದಕ್ಕೆ ಒಂದು ನಿಮಿಷವೂ ಬೇಡ. ನಂದಿ ಬೆಟ್ಟದ ಕಡೆಗೆ ತಿರುಗುವ ರಸ್ತೆಯ ಬದಿಯಲ್ಲಿ ಹೀಗೆ ನಿಂತಿದ್ದ ಒಂದು ಹೆಣ್ಣು ಲ್ಯಾಬ್ರಡಾರ್ ನನಗೆ ಚೆನ್ನಾಗಿ ನೆನಪಿದೆ. ಬೀದಿಯಲ್ಲೇ ಹುಟ್ಟಿ ಬೆಳೆದ ನಾಯಿಯಲ್ಲ ಎಂಬುದಕ್ಕೆ ಅದರ ಮೈಮೇಲೆಯೇ ಸಾಕ್ಷಿಯಿತ್ತು. ಕುತ್ತಿಗೆಯ ಸುತ್ತ ಕೂದಲು ಸವೆದು ಬಿಳಿಚಿಕೊಂಡ ಪಟ್ಟಿ. ಅಂದರೆ ಬಿಡುವ ಮುನ್ನ ಬೆಲ್ಟ್ ಬಿಚ್ಚಿಕೊಂಡಿದ್ದರು. ಕಾಯ್ದ ಡಾಂಬರಿನ ಮೇಲೆ ನಡೆದು ಅಭ್ಯಾಸವಿಲ್ಲದ ಅಂಗಾಲು ಸುಲಿದಿತ್ತು. ನಡೆದಾಡಿ ಸವೆಯದ ಉಗುರುಗಳು ಕೊಕ್ಕೆಯಂತೆ ಬಾಗಿದ್ದವು. ಹಾದುಹೋಗುವ ಪ್ರತಿ ಬಿಳಿ ಕಾರಿನತ್ತಲೂ ಅದು ಕತ್ತೆತ್ತಿ ನೋಡುತ್ತಿತ್ತು. ಬಿಟ್ಟ ಜಾಗದಿಂದ ಕದಲದ ನಾಯಿಗಳನ್ನು ನಾನು ಅದಕ್ಕೂ ಮೊದಲೂ ಕಂಡಿದ್ದೆ, ಆಮೇಲೂ ಕಂಡಿದ್ದೇನೆ.

ಮನೆಗೆ ತಂದಾಗ ಕಣ್ಣಿಗೆ ಬಿದ್ದ ಮೊದಲ ಸಂಗತಿ ಅದರ ಬಾಯಾರಿಕೆ. ಬಟ್ಟಲು ತುಂಬಿಸಿದಂತೆಲ್ಲ ಖಾಲಿಯಾಗುತ್ತಿತ್ತು, ಅಷ್ಟೇ ಬೇಗ ಅಂಗಳ ಒದ್ದೆಯಾಗುತ್ತಿತ್ತು. ‘ಮನೆಯೊಳಗೆ ಉಚ್ಚೆ ಹೊಯ್ಯುತ್ತದೆ’ ಎಂಬ ದೂರು ಹುಟ್ಟುವುದು ಇಲ್ಲೇ ಇರಬೇಕು. ನಾಯಿ ದಿನಕ್ಕೆ ಕುಡಿಯುವ ನೀರು ಅದರ ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್ ದಾಟಿದರೆ ಒಳಗೆಲ್ಲೋ ತೊಂದರೆಯಿದೆ ಎಂದು ಪಶುವೈದ್ಯರು ಎಣಿಸುತ್ತಾರೆ. ಹತ್ತು ಕಿಲೋ ತೂಗುವ ನಾಯಿ ಒಂದು ಲೀಟರಿಗಿಂತ ಹೆಚ್ಚು ಕುಡಿದರೆ ಎಚ್ಚರವಾಗಬೇಕು. ಅಳೆಯಲು ಅಡುಗೆಮನೆಯ ಲೀಟರ್ ಪಾತ್ರೆ ಸಾಕು. ಕಾರಣ ಸಕ್ಕರೆ ಕಾಯಿಲೆಯಿರಬಹುದು, ಮೂತ್ರಪಿಂಡ ಸೋಲುತ್ತಿರಬಹುದು. ಮೂತ್ರಪಿಂಡದ ಮೂರರಲ್ಲಿ ಎರಡು ಪಾಲು ಕೆಲಸ ನಿಲ್ಲಿಸಿದಾಗಲೇ ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿ ಕುಂದುತ್ತದೆ; ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರುವುದು ಅದಕ್ಕೂ ತಡವಾಗಿ. ಹಾಗಾಗಿ ರಕ್ತಪರೀಕ್ಷೆಗಿಂತ ಮೊದಲು ಸುದ್ದಿ ಕೊಡುವುದು ನೀರಿನ ಬಟ್ಟಲು.

ಆ ಲ್ಯಾಬ್ರಡಾರ್‌ಗೆ ಇದ್ದದ್ದು ಇವೆರಡೂ ಅಲ್ಲ. ಅದರ ಗರ್ಭಕೋಶದಲ್ಲಿ ಕೀವು ತುಂಬಿತ್ತು. ಹೆಂಗಸರಿಗೆ ಆಗುವಂತೆ ಹೆಣ್ಣುನಾಯಿಗೆ ಮುಟ್ಟು ನಿಲ್ಲುವ ಕಾಲ ಬರುವುದಿಲ್ಲ. ಮುಪ್ಪಿನಲ್ಲೂ ಬೆದೆಗೆ ಬರುತ್ತಲೇ ಇರುತ್ತದೆ. ಗಬ್ಬವಾಗಲಿ ಆಗದಿರಲಿ, ಪ್ರತಿ ಬೆದೆಯ ನಂತರ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನು ಏರಿಯೇ ಇರುತ್ತದೆ. ವರ್ಷಗಟ್ಟಲೆ ಹೀಗಾದಾಗ ಗರ್ಭಕೋಶದ ಒಳಪದರ ದಪ್ಪಗಾಗಿ, ದ್ರವ ಒಸರಿ, ಬ್ಯಾಕ್ಟೀರಿಯಾ ಬೆಳೆಯಲು ಹದವಾದ ಜಾಗವಾಗುತ್ತದೆ. ಆ ಬ್ಯಾಕ್ಟೀರಿಯಾದ ವಿಷ ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಡಲು ಬಿಡುವುದಿಲ್ಲ. ಅದಕ್ಕೇ ಆ ತೀರದ ದಾಹ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಹೊರಗೆ ಒಂದು ಹನಿ ಕೀವೂ ಕಾಣದು. ನಾಯಿ ಮಂಕಾಗಿ ಮಲಗುತ್ತದೆ, ಮನೆಯವರು ವಯಸ್ಸಾಯಿತು ಎನ್ನುತ್ತಾರೆ. ಸಂತಾನಹರಣ ಮಾಡಿಸುವ ರೂಢಿ ಕಡಿಮೆಯಿದ್ದ ಸ್ವೀಡನ್ನಿನಲ್ಲಿ ವಿಮೆ ದಾಖಲೆಗಳನ್ನು ಆಧರಿಸಿ ನಡೆದ ಅಧ್ಯಯನದ ಪ್ರಕಾರ, ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಹೆಣ್ಣುನಾಯಿಗೆ ಈ ರೋಗ ಬರುತ್ತದೆ. ಕೈಬಿಟ್ಟರೆ ಸಾವು, ಗರ್ಭಕೋಶ ತೆಗೆದರೆ ಬಹುಪಾಲು ನಾಯಿಗಳು ಬದುಕುತ್ತವೆ. ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವಿದೆ: ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇರುವುದು ಇದೇ ಹೆದ್ದಾರಿ ಬೆಂಗಳೂರು ಸೇರುವ ಬಳ್ಳಾರಿ ರಸ್ತೆಯ ಮೇಲೆ. ಶಸ್ತ್ರಚಿಕಿತ್ಸೆಯ ನಂತರ ಆ ನಾಯಿ ಕುಡಿಯುವ ನೀರು ತಾನಾಗಿ ಇಳಿಯಿತು. ಅಂಗಳ ಒಣಗಿತು.

ಸಂತಾನಹರಣ ಆಗಿರುವ ಹೆಣ್ಣುನಾಯಿ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುವುದೂ ಉಂಟು. ಈಸ್ಟ್ರೊಜೆನ್ ಹಾರ್ಮೋನು ಇಳಿದು ಮೂತ್ರನಾಳದ ಬಿಗಿ ಸಡಿಲವಾಗಿರುತ್ತದೆ. ಅದಕ್ಕೂ ಮಾತ್ರೆಯಿದೆ. ಇಷ್ಟಕ್ಕೇ ನಾಯಿಯನ್ನು ಬೈದು, ಹೊಡೆದು, ಗೇಟಿನಾಚೆ ಕಟ್ಟಿಹಾಕುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಕಣ್ಣಿನ ದೂರು ಬಹಳ ಸಲ ದೂರೇ ಅಲ್ಲ. ಮಸೂರದಲ್ಲಿ ಜೀವನವಿಡೀ ಈರುಳ್ಳಿಯ ಪದರಗಳಂತೆ ಹೊಸ ನಾರುಗಳು ಸೇರುತ್ತಲೇ ಇರುತ್ತವೆ; ಒಳಗಿನವು ಒತ್ತಿಕೊಂಡು ಗಟ್ಟಿಯಾಗಿ, ಏಳೆಂಟು ವರ್ಷದ ಹೊತ್ತಿಗೆ ಕಣ್ಣಿನಲ್ಲಿ ನೀಲಿಛಾಯೆಯ ಮಂಜು ಕಾಣುತ್ತದೆ. ಅದು ಪೊರೆಯಲ್ಲ, ದೃಷ್ಟಿಯೂ ಹೆಚ್ಚು ಕೆಡುವುದಿಲ್ಲ. ಪೊರೆ ಬಿಳಿಯಾಗಿರುತ್ತದೆ, ಬೆಳಕನ್ನೇ ತಡೆಯುತ್ತದೆ. ಪೂರ್ತಿ ಕುರುಡಾದ ನಾಯಿಯೂ ಮಂಚ, ಕುರ್ಚಿಗಳ ಜಾಗ ಬದಲಿಸದ ಮನೆಯಲ್ಲಿ ಮೂಗು ಮತ್ತು ನೆನಪಿನ ಬಲದಿಂದ ಸಲೀಸಾಗಿ ಓಡಾಡುತ್ತದೆ.

ಏಳಲು ತಿಣುಕುವುದು ಕೀಲುನೋವಿನಿಂದ. ನಾಯಿ ನೋವಿಗೆ ಕೂಗಿಕೊಳ್ಳುವುದು ಅಪರೂಪ. ಮೆಟ್ಟಿಲ ಮುಂದೆ ನಿಂತು ಯೋಚಿಸುತ್ತದೆ, ಮಲಗಿ ಎದ್ದ ಮೊದಲ ಹತ್ತು ಹೆಜ್ಜೆ ಕುಂಟುತ್ತದೆ, ಸೊಂಟ ಮುಟ್ಟಿದರೆ ಗುರ್ ಎನ್ನುತ್ತದೆ. ಆ ಗುರುಗುಟ್ಟುವಿಕೆಗೆ ‘ಸಿಡುಕು ಬಂದಿದೆ’ ಎಂಬ ಹಣೆಪಟ್ಟಿ ಬೀಳುತ್ತದೆ. ನಯವಾದ ಟೈಲ್ಸ್ ನೆಲ ಇಂಥ ನಾಯಿಗೆ ಶಿಕ್ಷೆ. ಅದು ಓಡಾಡುವ ದಾರಿಯಲ್ಲಿ ಗೋಣಿಚೀಲ ಹಾಸಿ, ಕಾಲು ಜಾರುವುದಿಲ್ಲ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಸಿಮೆಂಟಿನ ಮೇಲೆ ಮಲಗಿಸಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು ತೂಕ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ಊಟ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಅವುಗಳಿಗೆ ಕೀಲುನೋವೂ ತಡವಾಗಿ ಬಂತು.

ನೋವಿಗೆ ಮನೆಯಲ್ಲಿರುವ ಮಾತ್ರೆ ಕೊಡುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಇದೇ ಎಚ್ಚರ: ಪ್ಯಾರಸಿಟಮಾಲನ್ನು ಒಡೆದು ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ಒಂದೇ ಮಾತ್ರೆ ಅದರ ಜೀವ ತೆಗೆಯಬಹುದು. ನಾಯಿಗೆಂದೇ ಲೆಕ್ಕ ಹಾಕಿ ವೈದ್ಯರು ಬರೆದುಕೊಡುವ ಮೆಲೊಕ್ಸಿಕಾಮ್‌ನಂಥ ಔಷಧಗಳಿವೆ.

ಇನ್ನೊಂದು ಕಾಯಿಲೆಯನ್ನು ಬಿಟ್ಟರೆ ನಮ್ಮ ಸೀಮೆಯ ಮಾತು ಅರ್ಧವಾಗುತ್ತದೆ: ಉಣ್ಣೆಜ್ವರ. ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿರಬಲ್ಲದು. ಆಮೇಲೆ ನಾಯಿ ಸೊರಗುತ್ತದೆ, ವಸಡು ಬಿಳಿಚುತ್ತದೆ, ಮೂಗಿನಿಂದ ರಕ್ತ ಬರುತ್ತದೆ. ತುಟಿ ಎತ್ತಿ ವಸಡಿನ ಬಣ್ಣ ನೋಡುವುದನ್ನು ಸಾಕುವವರೆಲ್ಲ ಕಲಿಯಬೇಕು. ಸಾಮಾನ್ಯ ಚಿಕಿತ್ಸೆ ಡಾಕ್ಸಿಸೈಕ್ಲಿನ್, 28 ದಿನ. ವಾರದಲ್ಲಿ ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸಬಾರದು.

ರಾತ್ರಿ ಬೊಗಳುವ ನಾಯಿಗೆ ಕಿವಿ ಮಂದವಾಗಿರಬಹುದು, ನೋವಿರಬಹುದು, ಮನುಷ್ಯರ ಮರೆವಿನ ಕಾಯಿಲೆಯನ್ನು ಹೋಲುವ ಮಿದುಳಿನ ಸವೆತವೂ ಇರಬಹುದು. ಮೂಲೆಗೆ ಮುಖಮಾಡಿ ನಿಲ್ಲುವುದು, ಬಾಗಿಲು ತೆರೆಯುವ ಬದಿ ಬಿಟ್ಟು ಅದರ ಕೀಲು ಇರುವ ಬದಿಗೆ ಹೋಗಿ ಕಾಯುವುದು, ಹಗಲು ಮಲಗಿ ರಾತ್ರಿ ತಿರುಗುವುದು ಅದರ ಲಕ್ಷಣ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 11–12 ವರ್ಷದ ನಾಯಿಗಳಲ್ಲಿ ಶೇ 28, 15–16 ವರ್ಷದವುಗಳಲ್ಲಿ ಶೇ 68ರಷ್ಟಕ್ಕೆ ಇಂಥ ಒಂದಾದರೂ ಲಕ್ಷಣವಿತ್ತು. ಪೂರ್ತಿ ಗುಣಪಡಿಸಲಾಗದು. ಆದರೆ ಸಂಜೆ ಒಂದು ಸುತ್ತು ನಡಿಗೆ, ರಾತ್ರಿ ಒಂದು ಸಣ್ಣ ದೀಪ, ಊಟದ ಹೊತ್ತು ತಪ್ಪಿಸದಿರುವುದು, ಇವಿಷ್ಟರಿಂದಲೇ ಮನೆಯವರೂ ನಾಯಿಯೂ ನಿದ್ದೆ ಮಾಡುವಷ್ಟು ಶಾಂತಿ ಸಿಗುವುದನ್ನು ಕಂಡಿದ್ದೇನೆ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಮುದಿನಾಯಿಯನ್ನು ತರಲು ಹಿಂಜರಿಯುವವರಿದ್ದಾರೆ. ಈ ವಿಷಯದಲ್ಲಿ ಗಾದೆ ಸೋಲುತ್ತದೆ. ವಿಯೆನ್ನಾದಲ್ಲಿ ಬಾರ್ಡರ್ ಕೋಲಿ ನಾಯಿಗಳಿಗೆ ಪರದೆಯ ಮೇಲಿನ ಚಿತ್ರಗಳನ್ನು ಮೂಗಿನಿಂದ ಮುಟ್ಟುವುದನ್ನು ಕಲಿಸಿದರು. ವಯಸ್ಸಾದವು ಕಲಿಯಲು ಹೆಚ್ಚು ಸಮಯ ತೆಗೆದುಕೊಂಡದ್ದು ನಿಜ. ಆದರೆ ಆರು ತಿಂಗಳ ನಂತರ ಕೇಳಿದಾಗ ಕಲಿತದ್ದನ್ನು ಮರೆತಿರಲಿಲ್ಲ. ‘ಇದು ತಪ್ಪೆಂದು ಗೊತ್ತು, ಹಾಗಾದರೆ ಹೊಸದೇ ಸರಿ’ ಎಂದು ತರ್ಕಿಸುವ ಪರೀಕ್ಷೆಯಲ್ಲಂತೂ ಅವೇ ಮುಂದಿದ್ದವು. ಹೊಸಬರನ್ನು ಹಚ್ಚಿಕೊಳ್ಳುವುದರಲ್ಲೂ ಹೀಗೆಯೇ. ಬುಡಾಪೆಸ್ಟಿನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯತಾಣದ ವಯಸ್ಕ ನಾಯಿಗಳ ಜೊತೆ ಒಬ್ಬ ವ್ಯಕ್ತಿ ಹತ್ತು ಹತ್ತು ನಿಮಿಷದಂತೆ ಮೂರೇ ಸಲ ಕಳೆದಿದ್ದರು. ಅಷ್ಟಕ್ಕೇ ನಾಯಿಗಳು ಆ ವ್ಯಕ್ತಿ ಕೋಣೆಗೆ ಬಂದಾಗ, ಹೊರಟಾಗ ಒಡೆಯನೆದುರು ನಡೆದುಕೊಳ್ಳುವಂತೆ ನಡೆದುಕೊಂಡವು.

ಎಂಟು ವರ್ಷದ ನಾಯಿಯನ್ನು ಮುದಿಯೆಂದು ಕರೆಯುವ ಮುನ್ನ ಇನ್ನೊಂದು ಲೆಕ್ಕ ನೋಡಬೇಕು. ನಾಯಿಯ ಒಂದು ವರ್ಷ ನಮ್ಮ ಏಳಕ್ಕೆ ಸಮ ಎಂಬುದು ತಪ್ಪು. ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಲ್ಯಾಬ್ರಡಾರ್‌ಗಳ ಡಿಎನ್‌ಎ ಮೇಲೆ ವಯಸ್ಸಿನೊಂದಿಗೆ ಮೂಡುವ ರಾಸಾಯನಿಕ ಗುರುತುಗಳನ್ನು ಮನುಷ್ಯರ ಗುರುತುಗಳ ಜೊತೆ ತಾಳೆ ಹಾಕಿ 2020ರಲ್ಲಿ ಪ್ರಕಟಿಸಿತು. ಒಂದು ವರ್ಷದ ಲ್ಯಾಬ್ರಡಾರ್ ಮೂವತ್ತರ ಮನುಷ್ಯನಿಗೆ ಸಮ, ಎಂಟರದ್ದು ಸುಮಾರು ಅರವತ್ತನಾಲ್ಕಕ್ಕೆ, ಹನ್ನೆರಡರದ್ದು ಎಪ್ಪತ್ತಕ್ಕೆ. ಮೊದಲು ನಾಗಾಲೋಟದಲ್ಲಿ ಓಡಿದ ವಯಸ್ಸು ಆಮೇಲೆ ನಿಧಾನವಾಗುತ್ತದೆ.

ತಂದ ಮೊದಲ ದಿನಗಳಲ್ಲಿ ನಾಯಿಯ ಮೇಲೆ ಒತ್ತಾಯ ಬೇಡ. ಹೊಸ ಜಾಗದಲ್ಲಿ ಮೊದಲ ಮೂರು ದಿನ ಒತ್ತಡದ ಹಾರ್ಮೋನು ಬಹಳ ಏರಿರುತ್ತದೆ ಎಂದು ಅಮೆರಿಕದ ಆಶ್ರಯತಾಣವೊಂದರಲ್ಲಿ ಅಳೆದು ನೋಡಿದ್ದಾರೆ. ಹಸಿದು ಬಡಕಲಾದ ನಾಯಿಗೆ ಒಮ್ಮೆಲೇ ಹೊಟ್ಟೆತುಂಬ ಇಕ್ಕಿದರೆ ರಕ್ತದ ಲವಣಗಳ ಹದ ತಪ್ಪಿ ಅಪಾಯವಾಗುತ್ತದೆ. ಸ್ವಲ್ಪ ಸ್ವಲ್ಪ, ಹಲವು ಸಲ. ನೋವಿರುವ ನಾಯಿ ಕಚ್ಚಬಹುದು. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಹೋಗಬೇಕು.

ಮುದ್ದೆ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಾಕಬಹುದು. ಪಿಷ್ಟವನ್ನು ಒಡೆಯುವ ಅಮೈಲೇಸ್ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ. ನಾಯಿಯಲ್ಲಿ 4ರಿಂದ 30ರವರೆಗೆ ಇವೆ ಎಂದು 2013ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ತೋರಿಸಿದರು. ಮನುಷ್ಯನ ಹೊಲದ ಪಕ್ಕದಲ್ಲೇ ರೂಪುಗೊಂಡ ಹೊಟ್ಟೆ ಅದು. ಮುದ್ದೆಯ ಜೊತೆ ಮೊಟ್ಟೆಯೋ ಮಾಂಸವೋ ಇರಲಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಿಕ್ಕಬಳ್ಳಾಪುರದವರಿಗೆ ಪ್ರತ್ಯೇಕವಾಗಿ ಹೇಳಲೇಬೇಕಾದದ್ದು ದ್ರಾಕ್ಷಿಯ ವಿಷಯ. ನಮ್ಮ ತೋಟಗಳಲ್ಲಿ ಉದುರಿದ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಹಠಾತ್ತನೆ ನಿಲ್ಲಿಸಬಲ್ಲದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವೆಂಬ ಶಂಕೆಯನ್ನು ಅಮೆರಿಕದ ಪಶು ವಿಷತಜ್ಞರು 2021ರಲ್ಲಿ ಮುಂದಿಟ್ಟರು. ಒಣದ್ರಾಕ್ಷಿ ಹಾಕಿದ ಪ್ರಸಾದಕ್ಕೂ ಇದೇ ಮಾತು.

ಬೇಡವಾದ ಆಮೆಗಳದ್ದು ಬೇರೆಯೇ ಕಥೆ. ನಾಣ್ಯದಷ್ಟಿದ್ದಾಗ ಕೊಂಡ ಕೆಂಪುಕಿವಿಯ ಆಮೆ ತಟ್ಟೆಯಷ್ಟಾಗಿ ಬೆಳೆದು ದಶಕಗಟ್ಟಲೆ ಬದುಕುತ್ತದೆ. ಅದನ್ನು ಕೆರೆಗೆ ಬಿಡುವುದು ಪುಣ್ಯವಲ್ಲ. ಅಮೆರಿಕ ಮೂಲದ ಆ ಪ್ರಾಣಿ ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿಯುತ್ತದೆ. ನಮ್ಮ ನಾಡಿನದೇ ಆದ ಗಿಳಿಗಳನ್ನು, ನಕ್ಷತ್ರ ಆಮೆಗಳನ್ನು ಸಾಕುವುದೇ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅವನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಸಾಕುಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆ ಬರೆದ ದಂಡ 10ರಿಂದ 50 ರೂಪಾಯಿ. ಇದಕ್ಕೆ ಹೆದರುವವರಾರು? ಆದರೆ ನಿಜವಾಗಿಯೂ ಸಾಕಲಾಗದ ಮನೆಗಳೂ ಇವೆ. ಒಡೆಯರು ಹಾಸಿಗೆ ಹಿಡಿದಿರುತ್ತಾರೆ, ಬಾಡಿಗೆ ಮನೆ ಖಾಲಿ ಮಾಡಬೇಕಾಗಿರುತ್ತದೆ. ಅಂಥವರನ್ನು ನಾನು ದೂರುವುದಿಲ್ಲ, ರಸ್ತೆಗೆ ಮಾತ್ರ ಬಿಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಸಾಕುವವರು ಸಿಗುವವರೆಗೆ ಕಾಯಿರಿ, ಕೈಗೆ ಕೈ ಒಪ್ಪಿಸಿ. ಜೊತೆಗೆ ಒಂದು ಹಾಳೆ ಬರೆದುಕೊಡಿ: ಹುಟ್ಟಿದ ವರ್ಷ, ಹಾಕಿಸಿದ ಲಸಿಕೆ, ಕೊನೆಯ ಬೆದೆಯ ತಿಂಗಳು, ನುಂಗುವ ಮಾತ್ರೆ, ತಿನ್ನದ ಆಹಾರ, ಹೆದರುವ ಸದ್ದು. ಯಾವ ಹೆಸರಿಗೆ ಓಗೊಡುತ್ತದೆ ಎಂಬುದನ್ನೂ, ಕಿವಿ ಮಂದವಾಗಿದ್ದರೆ ಯಾವ ಕೈಸನ್ನೆಗೆ ಹತ್ತಿರ ಬರುತ್ತದೆ ಎಂಬುದನ್ನೂ ಅದರಲ್ಲಿ ಸೇರಿಸಿ.