ಸೋಮವಾರದ ತೂಕ

ಸೋಮವಾರ ಬೆಳಿಗ್ಗೆ ಮಂಡ್ಯದ ನಮ್ಮ ಡಯಾಲಿಸಿಸ್ ಘಟಕಕ್ಕೆ ಹೋದ ತಕ್ಷಣ ನಾನು ನೋಡುವುದು ತೂಕ ಬರೆದಿಡುವ ಪುಸ್ತಕ. ಕಿಡ್ನಿ ಕೆಟ್ಟವರ ರಕ್ತವನ್ನು ಮಷೀನಿನಿಂದ ಶುದ್ಧ ಮಾಡಿ, ಮೈಯಲ್ಲಿ ಉಳಿದ ನೀರು ತೆಗೆಯುವುದೇ ಡಯಾಲಿಸಿಸ್. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಸೋಮ-ಬುಧ-ಶುಕ್ರದ ಬ್ಯಾಚಿನವರಿಗೆ ಶನಿವಾರ, ಭಾನುವಾರ ಬಿಡುವು. ಆ ಬಿಡುವೇ ಅಪಾಯ. ಎರಡು ದಿನ ಕುಡಿದದ್ದೆಲ್ಲ ಮೈಯಲ್ಲೇ ಉಳಿದು ಸೋಮವಾರ ತೂಕದ ಮಷೀನಿನಲ್ಲಿ ಕಾಣುತ್ತದೆ. ಒಂದು ಲೀಟರಿಗೆ ಒಂದು ಕೆಜಿ. ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಅದರ ಮೇಲೆ 500 ಮಿ.ಲೀ. ದಿನಕ್ಕೆ ಇಷ್ಟೇ ಕುಡಿಯಬೇಕು. ಕಾಫಿ, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲ ಇದರೊಳಗೇ ಬರಬೇಕು. ಏಪ್ರಿಲ್ ಬಿಸಿಲಲ್ಲಿ, ರಸ್ತೆ ಪಕ್ಕ ಎಳನೀರು ರಾಶಿ ಹಾಕಿರುವ ಮದ್ದೂರಿನ ಮೇಲೆ ಬಸ್ಸಲ್ಲಿ ಬರುವವರಿಗೆ ಇದನ್ನು ಹೇಳಲು ನನಗೇ ಸಂಕೋಚ. ಎಳನೀರಂತೂ ಇವರು ಮುಟ್ಟುವಂತಿಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಎಂಬ ಲವಣವನ್ನು ಕೆಟ್ಟ ಕಿಡ್ನಿ ಹೊರಹಾಕಲಾರದು; ಅದು ಹೃದಯದ ಬಡಿತವನ್ನೇ ತಪ್ಪಿಸಬಹುದು.

ಪಾಂಡವಪುರದ ಕಡೆಯ ಒಬ್ಬ ತಾಯಿ ಬರುತ್ತಾರೆ. ಕ್ಯಾಥೊಲಿಕ್ ಮನೆತನ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಮೊದಲು ಅವರಿಗೆ ಮಂಗಳವಾರದ ಬ್ಯಾಚ್ ಕೊಟ್ಟಿದ್ದೆವು. "ಮಂಗ್ಳಾರ ಬ್ಯಾಡ ಸಾ, ಡೋರ್ನಹಳ್ಳಿಗೆ ಹೋಗ್ಬೇಕು" ಅಂದರು. ಕೆ.ಆರ್. ನಗರದ ಹತ್ತಿರ ಸಂತ ಅಂತೋಣಿಯವರ ಪುಣ್ಯಕ್ಷೇತ್ರ ಅದು. ಮಂಗಳವಾರ ಅಲ್ಲಿಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಹರಕೆಗೋಸ್ಕರ ಬ್ಯಾಚ್ ಬದಲಿಸಬೇಕಾ ಅಂತ ನನಗೆ ಸಿಟ್ಟು ಬಂತು. ಮನಸ್ಸಿಲ್ಲದೆ ಬದಲಿಸಿಕೊಟ್ಟೆ.

ಅವರ ಹರಕೆ ಕಿಡ್ನಿ ವಾಸಿಯಾಗಲಿ ಎಂದು. ಆದರೆ ವರ್ಷಗಟ್ಟಲೆ ಸವೆದು ಹೋದ ಕಿಡ್ನಿ ಮತ್ತೆ ಚಿಗುರುವುದಿಲ್ಲ. ಡಯಾಲಿಸಿಸ್, ಇಲ್ಲವೇ ಕಸಿ. ವರ್ಷ ಕಳೆಯಿತು, ಹರಕೆ ಕೈಗೂಡಲಿಲ್ಲ. 48 ಕೆಜಿಯ ಹೆಂಗಸು, ಪ್ರತಿ ಸೋಮವಾರ 4 ಕೆಜಿ ಜಾಸ್ತಿ. 2 ಕೆಜಿ ದಾಟಬಾರದು. ಬೈದರೆ ಒಂದೇ ಮಾತು: "ದೇವ್ರೇ ನನ್ನ ಮರ್ತವ್ನೆ. ನೀರಾದ್ರೂ ಕುಡೀತೀನಿ ಬುಡಿ ಸಾ."

ಒಂದು ಶುಭ ಶುಕ್ರವಾರ (ಗುಡ್ ಫ್ರೈಡೇ) ಬೆಳಗಿನ ಡಯಾಲಿಸಿಸ್ ಮುಗಿಸಿ, ತೋಳಿನ ಬ್ಯಾಂಡೇಜ್ ಸಮೇತ ಮಧ್ಯಾಹ್ನ 3 ಗಂಟೆಯ ಆರಾಧನೆಗೆ ಹೋದರು. ನಿಲ್ಲಲು ಶಕ್ತಿ ಇಲ್ಲದೆ ಕೊನೆಯ ಬೆಂಚಿನಲ್ಲಿ ಕೂತರಂತೆ. ಕ್ಯಾಥೊಲಿಕ್ ಚರ್ಚುಗಳಲ್ಲಿ ಅಂದು ಬೈಬಲಿನ ಯೊವಾನ್ನರ ಸುವಾರ್ತೆಯಿಂದ ಯೇಸುವಿನ ಯಾತನೆಯ ಕಥೆ ಓದುತ್ತಾರೆ. ಶಿಲುಬೆಯ ಮೇಲೆ ಯೇಸು ತನಗೆ ಬಾಯಾರಿದೆ ಎನ್ನುವುದು ನಾಲ್ಕು ಸುವಾರ್ತೆಗಳಲ್ಲಿ ಇದೊಂದರಲ್ಲೇ. ಸೋಮವಾರ ಬಂದವರು ಕುರ್ಚಿಯಲ್ಲಿ ಒರಗುತ್ತಾ, "ಅವ್ರ್ಗೂ ಬಾಯಾರಿತ್ತು ಸಾ. ಕೇಳಿದ್ರೆ ಹುಳಿ ಕುಡಿಸಿದ್ರು" ಅಂದರು. ಪುಸ್ತಕ ನೋಡಿದೆ. ಈಸ್ಟರ್ ಹಬ್ಬದ ಊಟ ಮುಗಿಸಿಯೂ 2.2 ಕೆಜಿ.

ಇದನ್ನು ಪವಾಡ ಅನ್ನಲಾರೆ. ಕಿಡ್ನಿ ಹೇಗಿತ್ತೋ ಹಾಗೇ ಇದೆ. ಉಪ್ಸಾರು, ಉಪ್ಪಿನಕಾಯಿ ಕಡಿಮೆ ಮಾಡಿದ್ದೂ ಕೆಲಸ ಮಾಡಿದೆ. ಉಪ್ಪು ತಿಂದವರಿಗೆ ನೀರು ಬೇಕೇ ಬೇಕಲ್ವಾ. ನಿಂಬೆ ಹೋಳು ಚೀಪಿ, ಐಸ್ ತುಂಡು ಬಾಯಲ್ಲಿಡಿ ಅಂತ ನಾನು ಮೊದಲಿಂದಲೂ ಹೇಳುತ್ತಿದ್ದೆ. ಅದು ಅವರ ಕಿವಿಗೆ ಬೀಳುತ್ತಿರಲಿಲ್ಲ ಅಷ್ಟೆ. ಕಾಯಿಲೆ ಎಂದರೆ ತನಗೆ ಬಂದ ಶಿಕ್ಷೆ ಎಂದುಕೊಂಡವರು ಮೈ ನೋಡಿಕೊಳ್ಳುವುದಿಲ್ಲ; ನನ್ನ ಅನುಭವ ಇದು. ಬೈಬಲಿನಲ್ಲಿ ಒಬ್ಬ ಹುಟ್ಟುಕುರುಡನನ್ನು ತೋರಿಸಿ ಪಾಪ ಯಾರದು ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಹೆತ್ತವರದೂ ಅಲ್ಲ ಎನ್ನುತ್ತಾರೆ ಯೇಸು. ನನ್ನ ಕ್ರೈಸ್ತ ರೋಗಿಗಳಿಗೆ ಈಗ ಇದನ್ನೂ ನೆನಪಿಸುತ್ತೇನೆ. ನಾನು ಚರ್ಚಿಗೆ ಹೋಗುವವನಲ್ಲ. ಆದರೂ ಕೆಲಸಕ್ಕೆ ಬರುತ್ತದೆ.

ಉಲ್ಟಾ ಆದದ್ದೂ ಇದೆ. ವಿಶ್ವಾಸ ಇದ್ದರೆ ಮಷೀನ್ ಯಾಕೆ ಎಂದು ಯಾವುದೋ ಪ್ರಾರ್ಥನಾ ಕೂಟದಲ್ಲಿ ಹೇಳಿದರಂತೆ. ಒಬ್ಬ ಹುಡುಗ ಎರಡು ಡಯಾಲಿಸಿಸ್ ತಪ್ಪಿಸಿ, ನಡುರಾತ್ರಿ ಏದುಸಿರು ಬಿಡುತ್ತಾ ಬಂದ. ಬದುಕಿದ, ಆದರೆ ಸ್ವಲ್ಪದರಲ್ಲಿ. ಮೈಯ ಶೂಲ ತೆಗೆ ಎಂದು ಬೈಬಲಿನ ಸಂತ ಪೌಲ ಮೂರು ಸಲ ದೇವರನ್ನು ಬೇಡಿದ. ತೆಗೆಯಲಿಲ್ಲ, ನನ್ನ ಕೃಪೆಯೇ ಸಾಕು ಎಂಬ ಉತ್ತರ ಬಂತು. ಅವನದು ವಿಶ್ವಾಸ ಕಡಿಮೆ ಅನ್ನೋಕಾಗುತ್ತಾ?

ಇನ್ನೆರಡು ವಿಷಯ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಉಪವಾಸದಿಂದ ಕ್ಯಾಥೊಲಿಕ್ ಸಭೆ ಕಾಯಿಲೆಯವರಿಗೆ ವಿನಾಯಿತಿ ಕೊಟ್ಟಿದೆ. ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಮುಂಚೆ ಮಾತ್ರೆ ನುಂಗುವುದಕ್ಕೂ ಅಡ್ಡಿಯಿಲ್ಲ. ಮತ್ತೆ, ಫಾದರ್ ಪ್ರಾರ್ಥಿಸಿ ಪವಿತ್ರ ಎಣ್ಣೆ ಹಚ್ಚಲು ಬಂದರೆ ಕೊನೆಗಾಲ ಬಂತು ಎಂದು ಮನೆಯವರು ಅಳಬೇಕಾಗಿಲ್ಲ. ಅದು ಸಾಯುವವರಿಗೆ ಮಾತ್ರ ಅಲ್ಲ, ಗಂಭೀರ ಕಾಯಿಲೆಯವರಿಗೂ ಉಂಟು.

ಆ ತಾಯಿಯ ತೂಕ ಆಮೇಲೆಯೂ ಒಂದೇ ಸಮ ಇರಲಿಲ್ಲ. ಮೇ ತಿಂಗಳ ಒಂದು ಸೋಮವಾರ 3.8 ಕೆಜಿ. "ಏನಮ್ಮಾ ಇದು?" ಎಂದೆ. ಜಪಮಾಲೆ ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು. "ಮಾವಿನಣ್ಣು ಸಾ. ಎರಡೇ ಎರಡು."