ಮಗುವಿನ ಟಿಕ್ಸ್‌ಗೆ ಚೀನೀ ಕಷಾಯ ಕೊಡಬಹುದೇ?

ಪ್ರಶ್ನೆ: ನಾವು ಸಿಂಗಾಪುರದಲ್ಲಿದ್ದೇವೆ. ಮಗನಿಗೆ 8 ವರ್ಷ. ಒಂದೂವರೆ ವರ್ಷದಿಂದ ಕಣ್ಣು ಪಟಪಟ ಬಡಿಯುತ್ತಾನೆ, ಆಗಾಗ ಗಂಟಲು ಕೆರೆದಂತೆ ಸದ್ದು ಮಾಡುತ್ತಾನೆ. ಪರೀಕ್ಷೆ ಹತ್ತಿರ ಬಂದರೆ ಆತಂಕವೂ ಟಿಕ್ಸ್ ಕೂಡ ಜಾಸ್ತಿ. ಚೀನೀ ವೈದ್ಯರ ಕಷಾಯ ಕೊಡಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಕೊಡಬಹುದೇ?

ಕೊಡಬಹುದು. ಆದರೆ ಮೊದಲು ಮಕ್ಕಳ ನರರೋಗ ಅಥವಾ ಮನೋರೋಗ ತಜ್ಞರು ಇದು ಟಿಕ್ಸ್ (ಬೇಡವೆಂದರೂ ಮತ್ತೆ ಮತ್ತೆ ಬರುವ ಚಲನೆ ಅಥವಾ ಸದ್ದು) ಎಂದು ಖಚಿತಪಡಿಸಿರಬೇಕು, ಪೊಟ್ಟಣದಲ್ಲಿ ಏನೇನಿದೆ ಎಂಬುದು ಹೆಸರು ಹಿಡಿದು ಗೊತ್ತಿರಬೇಕು. ಅದರ ಜೊತೆಗೇ ಬೇರೆ ಯಾವ ಚಿಕಿತ್ಸೆಯನ್ನೂ ಹೊಸದಾಗಿ ಶುರು ಮಾಡಬಾರದು. ಹೆಚ್ಚಿನವರು ಎಡವುವುದು ಈ ಕೊನೆಯದರಲ್ಲೇ.

ಟಿಕ್ಸ್ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಸಾಮಾನ್ಯವಾಗಿ 4ರಿಂದ 6 ವರ್ಷದೊಳಗೆ ಶುರುವಾಗಿ, 10–12ರ ಹೊತ್ತಿಗೆ ಅತಿ ಜೋರಾಗಿ, ಹದಿಹರೆಯದಲ್ಲಿ ಬಹಳಷ್ಟು ಮಕ್ಕಳಿಗೆ ತಗ್ಗುತ್ತದೆ. ಅಪ್ಪ ಅಮ್ಮ ವೈದ್ಯರ ಬಳಿ ಓಡುವುದು ಅದು ಜೋರಾಗಿರುವ ವಾರದಲ್ಲಿ. ಆಗ ಏನು ಕೊಟ್ಟರೂ ಮುಂದಿನ ತಿಂಗಳು ಇಳಿದಂತೆ ಕಾಣುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಆದ್ದರಿಂದ ಕಷಾಯಕ್ಕೆ ಮೊದಲೇ ಮೂರು ನಾಲ್ಕು ವಾರ ಲೆಕ್ಕ ಇಡಿ: ದಿನವೂ ಒಂದೇ ಹೊತ್ತಿನಲ್ಲಿ, ಟಿವಿ ನೋಡುವಾಗ, 10 ನಿಮಿಷದಲ್ಲಿ ಎಷ್ಟು ಸಲ ಎಂದು. ಮಗುವಿಗೆ ಗೊತ್ತಾಗದಂತೆ ಎಣಿಸಿ. ಗಮನ ಅದರ ಮೇಲೆ ಬಿದ್ದಷ್ಟೂ ಟಿಕ್ಸ್ ಹೆಚ್ಚುತ್ತದೆ.

ಚೀನೀ ವೈದ್ಯದಲ್ಲಿ ಇದು ಯಕೃತ್ತಿನ 'ಗಾಳಿ' ಮೇಲೇರಿದ ಲಕ್ಷಣ. ಚೀನಾದ ಸಾಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯೆನ್ ಯಿ, ಬಿಡದೆ ಕಣ್ಣು ಬಡಿಯುವ ಮಕ್ಕಳನ್ನು ಹೀಗೇ ವಿವರಿಸಿದ್ದ. ಅವನ ಬೋಧನೆ ಪುಸ್ತಕವಾದದ್ದು 1119ರಲ್ಲಿ. ಈಗ ಹೆಚ್ಚಾಗಿ ಬಳಸುವುದು ಥಿಯೆನ್‌ಮಾ, ಗೌಥೆಂಗ್ ಎಂಬ ಎರಡು ಮೂಲಿಕೆಗಳು ಮುಖ್ಯವಾಗಿರುವ ಯೋಗಗಳು, ಅಂದರೆ ಮದ್ದಿನ ಮಿಶ್ರಣಗಳು. ಇವುಗಳಲ್ಲಿ ಹೆಸರುವಾಸಿಯಾದ 'ಥಿಯೆನ್‌ಮಾ ಗೌಥೆಂಗ್ ಯಿನ್' ಪುರಾತನವೇನಲ್ಲ. 1950ರ ದಶಕದಲ್ಲಿ ದೊಡ್ಡವರ ರಕ್ತದೊತ್ತಡ, ತಲೆನೋವಿಗೆಂದು ಹುಟ್ಟಿದ್ದು.

ಪುರಾವೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಚೀನಾದಲ್ಲಿ ಟುರೆಟ್ (ಚಲನೆ, ಸದ್ದು ಎರಡೂ ಬಗೆಯ ಟಿಕ್ಸ್ ವರ್ಷಕ್ಕೂ ಮೇಲ್ಪಟ್ಟು ಇರುವ ಸ್ಥಿತಿ) ಇರುವ 603 ಮಕ್ಕಳ ಮೇಲೆ 8 ವಾರ 'ಫೈವ್ ಲಿಂಗ್' ಎಂಬ ಮೂಲಿಕೆಯ ಹರಳುಪುಡಿಯನ್ನು ಟಿಕ್ಸ್‌ಗೆ ಕೊಡುವ ಟಿಯಾಪ್ರೈಡ್ ಮಾತ್ರೆ ಮತ್ತು ಹುಸಿಮದ್ದಿನ ಎದುರು ಪರೀಕ್ಷಿಸಿದರು. ಅದು ಮಾತ್ರೆಗೆ ಸಮನಾಗಿ ಕೆಲಸ ಮಾಡಿತು, ಅಡ್ಡಪರಿಣಾಮ ಕಡಿಮೆ. ಆದರೆ ಅದು ಒಂದು ನಿಗದಿತ ಮಿಶ್ರಣದ ಫಲಿತಾಂಶ. ಅಂಗಡಿಯಲ್ಲಿ ನಿಮ್ಮ ಮಗುವಿಗೆಂದೇ ತೂಗಿ ಕಟ್ಟಿಕೊಡುವ ಪೊಟ್ಟಣಕ್ಕೆ ಆ ಅಂಕಿ ಅನ್ವಯಿಸುವುದಿಲ್ಲ. ಆತಂಕಕ್ಕೆ ಕೊಡುವ 'ಸುವಾನ್ ಜಾವೊ ರೆನ್ ಥಾಂಗ್' ಸುಮಾರು 1800 ವರ್ಷ ಹಳೆಯದು. ಮೂಲತಃ ನಿದ್ದೆಗೆಡುವವರಿಗೆ, ಮಕ್ಕಳ ಪರೀಕ್ಷಾಭಯಕ್ಕಲ್ಲ. ಅದರ ಮುಖ್ಯ ಬೀಜ ನಮ್ಮ ಎಲಚಿಯ ಹತ್ತಿರದ ನೆಂಟ, ಅದೇ ಅಲ್ಲ. ಊರಿನಿಂದ ಎಲಚಿ ಬೀಜ ತರಿಸಿ ಹಾಕಬೇಡಿ.

ಕಷಾಯ ಕಾಯಿಸುವಾಗ ಎಲ್ಲವನ್ನೂ ಒಟ್ಟಿಗೆ ಸುರಿದು ಕುದಿಸಿಬಿಡುವುದು ಸಾಮಾನ್ಯ ತಪ್ಪು. ಮಣ್ಣಿನ ಅಥವಾ ಗಾಜಿನ ಪಾತ್ರೆ ಬೇಕು, ಕಬ್ಬಿಣ ತಾಮ್ರ ಬೇಡ. ಅರ್ಧ ಗಂಟೆ ನೆನೆಹಾಕಿ. ಚಿಪ್ಪಿನಂಥ ಗಟ್ಟಿ ವಸ್ತುಗಳು ಇದ್ದರೆ ಅವು ಮೊದಲು 20–30 ನಿಮಿಷ ಕುದಿಯಬೇಕು, ಆಮೇಲೆ ಉಳಿದವು. ಗೌಥೆಂಗ್ ಕೊನೆಯ 10 ನಿಮಿಷಕ್ಕೆ. ಹೆಚ್ಚು ಕುದಿದರೆ ಅದರ ಸತ್ವವೇ ಕೆಡುತ್ತದೆ. ಸುವಾನ್ ಜಾವೊ ರೆನ್ ಬೀಜವನ್ನು ಜಜ್ಜಿ ಹಾಕಬೇಕು. ಚೀನೀ ಔಷಧಕೋಶ ಥಿಯೆನ್‌ಮಾಗೆ ದಿನಕ್ಕೆ 3–10 ಗ್ರಾಂ ಎನ್ನುತ್ತದೆ, ಅದು ದೊಡ್ಡವರ ಅಳತೆ. ಮಗುವಿನದನ್ನು ವೈದ್ಯರೇ ಬರೆಯಬೇಕು. ಇಷ್ಟು ತಾಳ್ಮೆ ಇಲ್ಲದವರು ನೋಂದಾಯಿತ ಕಂಪನಿಯ ಹರಳುಪುಡಿ ಕೊಳ್ಳುವುದೇ ಮೇಲು.

ಇನ್ನು ಪೊಟ್ಟಣದೊಳಗಿನದು. 'ಝೂಶಾ' ಎಂದಿದ್ದರೆ ಬೇಡವೇ ಬೇಡ: ಅದು ಇಂಗಳೀಕ, ಪಾದರಸದ ಅದಿರು, ಮನಸ್ಸು ಶಾಂತಗೊಳಿಸುವ ಹಳೆಯ ಗುಳಿಗೆಗಳಲ್ಲಿ ಇರುತ್ತದೆ. ಹೋ ಶೌ ವೂ ಗಡ್ಡೆಯಿಂದ ಯಕೃತ್ತಿಗೆ ಪೆಟ್ಟಾದದ್ದು ದಾಖಲಾಗಿದೆ. ಅದೇ ಬಳ್ಳಿಯ ಕಾಂಡ (ಶೌ ವೂ ಥೆಂಗ್) ನಿದ್ದೆಯ ಯೋಗಗಳಲ್ಲಿ ಬರುತ್ತದೆ, ಅದನ್ನೂ ಗಮನಿಸಿ. ಅತಿಮಧುರ (ಗಾನ್‌ಚಾವೊ) ದೀರ್ಘಕಾಲ ಹೆಚ್ಚು ಕುಡಿದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. 'ಗಾಳಿ' ತಣಿಸಲು ಒಣಗಿಸಿದ ಚೇಳು, ಶತಪದಿ ಹಾಕುವುದೂ ಉಂಟು. ಅಲರ್ಜಿ ಇರುವ ಮಗುವಿಗೆ ಅಪಾಯ. ಚೀಟಿಯಲ್ಲಿ ಲ್ಯಾಟಿನ್ ಹೆಸರುಗಳನ್ನೂ ಬರೆಸಿ, ಫೋಟೊ ತೆಗೆದಿಡಿ. ಭಾರತದಲ್ಲಿ ಚೀನೀ ಮೂಲಿಕೆ ವೈದ್ಯ ಆಯುಷ್ ಪದ್ಧತಿಗಳಲ್ಲಿ ಸೇರಿಲ್ಲ. ರಜೆಗೆ ಬೆಂಗಳೂರಿಗೆ ಬಂದಾಗ ಮಗುವಿಗೆ ಏನಾದರೂ ಆದರೆ ಇಲ್ಲಿನ ವೈದ್ಯರಿಗೆ ಆ ಹೆಸರುಗಳೇ ದಾರಿ. ಮಗು ಟಿಕ್ಸ್‌ಗೆಂದು ಕ್ಲೋನಿಡಿನ್ ಮದ್ದು ತೆಗೆದುಕೊಳ್ಳುತ್ತಿದ್ದರೆ ಕಷಾಯ ಸಿಕ್ಕಿತೆಂದು ಥಟ್ಟನೆ ನಿಲ್ಲಿಸಬೇಡಿ, ರಕ್ತದೊತ್ತಡ ಜಿಗಿಯುತ್ತದೆ. ಎರಡನ್ನೂ ಸೇರಿಸಿದರೆ ತೂಕಡಿಕೆ ಹೆಚ್ಚಬಹುದು.

ನಮ್ಮನ್ನು ಕೇಳಿದರೆ ಮೊದಲ ಖರ್ಚು ಸಿಬಿಐಟಿ ಎಂಬ ವರ್ತನಾ ತರಬೇತಿಗೆ ಆಗಲಿ. ಟಿಕ್ ಬರುವ ಮುನ್ನಿನ ತುಡಿತವನ್ನು ಗುರುತಿಸಿ ಅದಕ್ಕೆದುರು ಬೇರೊಂದು ಚಲನೆ ಕಲಿಸುತ್ತಾರೆ. 10 ವಾರದಲ್ಲಿ 8 ಪಾಠ. 2010ರಲ್ಲಿ ಪ್ರಕಟವಾದ, 126 ಮಕ್ಕಳ ಅಧ್ಯಯನದಲ್ಲಿ ಈ ತರಬೇತಿ ಪಡೆದವರ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳು ಸುಧಾರಿಸಿದರು. ಅದು ಮುಗಿದ ಮೇಲೂ ಕಷಾಯ ಬೇಕೆನಿಸಿದರೆ 8 ವಾರ ಕೊಟ್ಟು ಲೆಕ್ಕ ನೋಡಿ. ಎಣಿಕೆ ಇಳಿಯದಿದ್ದರೆ ಬಿಟ್ಟುಬಿಡಿ. ಕಣ್ಣು ಹಳದಿಯಾದರೆ, ಮೂತ್ರ ಕಂದಾದರೆ, ಮೈ ದದ್ದೆದ್ದರೆ ಅಂದೇ ನಿಲ್ಲಿಸಿ, ಆ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಿ.