ಮಣ್ಣಿಗೆ ಹಾಕಿದ ಪ್ರೋಟೀನ್ ಗಿಡಕ್ಕೆ ನೇರವಾಗಿ ಯಾಕೆ ಸಿಗಲ್ಲ?

ಓದುಗರ ಪ್ರಶ್ನೆ: ಹಿಂಡಿ, ಹಸಿರು ಸೊಪ್ಪು ಇವುಗಳಲ್ಲಿ ಪ್ರೋಟೀನ್ ಇದೆ, ಪ್ರೋಟೀನ್ ಅಂದ್ರೆ ನೈಟ್ರೋಜನ್ ಅಂತಾರೆ. ಆದ್ರೆ ಸಾವಯವ ಗೊಬ್ಬರ ಹಾಕಿದ ತಕ್ಷಣ ಗಿಡ ಹಸಿರಾಗಲ್ಲ, ಕೆಲವು ಸಲ ಇನ್ನೂ ಹಳದಿ ತಿರುಗುತ್ತೆ. ಯಾಕೆ?

ಉತ್ತರ: ಮುಖ್ಯವಾದ ವಿಷಯ ಮೊದಲೇ ಹೇಳಿಬಿಡ್ತೀನಿ. ಮಣ್ಣಲ್ಲಿ ಪ್ರೋಟೀನ್ ಒಡೆಯೋ ಕೆಲಸ ಹೆಚ್ಚುಕಮ್ಮಿ ಪೂರ್ತಿ ಬ್ಯಾಕ್ಟೀರಿಯಾ ಮತ್ತು ಫಂಗಸ್‌ಗಳದ್ದು, ಅವು ಒಡೆಯೋದು ತಮ್ಮ ಹೊಟ್ಟೆಪಾಡಿಗೆ, ಅವಕ್ಕೆ ಸಾಕಾಗಿ ಮಿಕ್ಕಿದ್ದೇ ಹೆಚ್ಚಾಗಿ ಗಿಡಕ್ಕೆ ಸಿಗೋದು. ತಡ ಆಗೋದಕ್ಕೂ ಎಲೆ ಹಳದಿ ಆಗೋದಕ್ಕೂ ಕಾರಣ ಇಲ್ಲೇ ಇದೆ.

ಪ್ರೋಟೀನ್ ತೂಕದಲ್ಲಿ ಸುಮಾರು 16 ಪರ್ಸೆಂಟ್ ನೈಟ್ರೋಜನ್. ಮೇಲ್ಮಣ್ಣಿನಲ್ಲಿರೋ ಒಟ್ಟು ನೈಟ್ರೋಜನ್‌ನಲ್ಲಿ ಸಾಮಾನ್ಯವಾಗಿ 90 ಪರ್ಸೆಂಟ್‌ಗೂ ಜಾಸ್ತಿ ಸಾವಯವ ರೂಪದಲ್ಲೇ ಇರುತ್ತೆ, ಅದರಲ್ಲಿ ದೊಡ್ಡ ಪಾಲು ಪ್ರೋಟೀನ್ ಮತ್ತು ಅದರ ತುಂಡುಗಳು, ಅದೂ ನಾವು ಹಾಕಿದ ಸೊಪ್ಪಿನಿಂದ ಮಾತ್ರ ಬಂದಿದ್ದಲ್ಲ, ಸತ್ತ ಬೇರು, ಸತ್ತ ಹುಳ, ಎಲ್ಲಕ್ಕಿಂತ ಮುಖ್ಯವಾಗಿ ಸತ್ತ ಸೂಕ್ಷ್ಮಜೀವಿಗಳದ್ದೇ. ಅಂದ್ರೆ ಮಣ್ಣಲ್ಲಿ ನೈಟ್ರೋಜನ್ ಇಲ್ಲ ಅಂತಲ್ಲ, ಇರೋದು ಬೇರು ಎಳ್ಕೊಳ್ಳೋ ರೂಪದಲ್ಲಿ ಇಲ್ಲ ಅಷ್ಟೇ.

ಪ್ರೋಟೀನ್ ಅಂದ್ರೆ ಅಮೈನೋ ಆಸಿಡ್‌ಗಳನ್ನ ಮಣಿ ಥರ ಪೋಣಿಸಿದ ಉದ್ದದ ಸರ. ಈ ಸರ ಎಷ್ಟು ದೊಡ್ಡದು ಅಂದ್ರೆ ಬ್ಯಾಕ್ಟೀರಿಯಾ ಅದನ್ನ ಇಡಿಯಾಗಿ ಒಳಗೆ ತಗೊಳ್ಳೋಕೆ ಆಗಲ್ಲ. ಅದಕ್ಕೆ ಬ್ಯಾಕ್ಟೀರಿಯಾ, ಫಂಗಸ್ ಎರಡೂ ಪ್ರೋಟಿಯೇಸ್ ಅನ್ನೋ ಎನ್‌ಜೈಮ್‌ಗಳನ್ನ ಹೊರಗೆ ಬಿಡ್ತವೆ, ಅವು ಸರವನ್ನ ಅಲ್ಲಲ್ಲಿ ಕತ್ತರಿಸಿ ಪೆಪ್ಟೈಡ್ ಅನ್ನೋ ಚಿಕ್ಕ ತುಂಡು ಮಾಡ್ತವೆ, ಆಮೇಲೆ ಬಿಡಿ ಅಮೈನೋ ಆಸಿಡ್. ಕೊಳೆಯೋ ಎಲೆ ಚೂರಿಗೆ ಅಂಟಿಕೊಂಡಿರೋ ಒಂದು ಬ್ಯಾಕ್ಟೀರಿಯಾ ಯೋಚ್ನೆ ಮಾಡಿ. ಅದು ಖರ್ಚು ಮಾಡಿ ತಯಾರಿಸಿದ ಎನ್‌ಜೈಮ್ ಜೇಡಿ ಕಣಕ್ಕೆ ಅಂಟಿಕೊಂಡು ಕೆಲಸಕ್ಕೆ ಬಾರದೆ ಹೋಗಬಹುದು, ಕತ್ತರಿಸಿದ ತುಂಡು ನೀರಿನ ಪದರದಲ್ಲಿ ತೇಲಿ ಪಕ್ಕದ ಬ್ಯಾಕ್ಟೀರಿಯಾ ಪಾಲಾಗಬಹುದು. ಇನ್ನು ಪ್ರೋಟೀನೇ ಜೇಡಿಗೋ ಟ್ಯಾನಿನ್‌ಗೋ (ಎಲೆ, ತೊಗಟೆಯಲ್ಲಿರೋ ಒಗರು ಪದಾರ್ಥ) ಬಿಗಿಯಾಗಿ ಕಚ್ಚಿಕೊಂಡಿದ್ರೆ ಎನ್‌ಜೈಮ್‌ಗೆ ಕತ್ತರಿಸೋ ಜಾಗಾನೇ ಸಿಗಲ್ಲ. ಅದಕ್ಕೇ ಇಡೀ ಪ್ರಕ್ರಿಯೆಯಲ್ಲಿ ನಿಧಾನದ ಹಂತ ಈ ಕತ್ತರಿಸೋದೇ. ಬಿಡಿ ಅಮೈನೋ ಆಸಿಡ್ ಆದ ಮೇಲೆ ಅದು ಮಣ್ಣಲ್ಲಿ ಜಾಸ್ತಿ ಹೊತ್ತು ಉಳಿಯೋದೇ ಇಲ್ಲ, ಕೆಲವೇ ಗಂಟೆಗಳಲ್ಲಿ ಯಾವುದೋ ಒಂದು ಜೀವಿ ನುಂಗಿರುತ್ತೆ.

ನುಂಗಿದ ಮೇಲೆ ಏನಾಗುತ್ತೆ ಅನ್ನೋದು ಕಾರ್ಬನ್ ಲೆಕ್ಕದ ಮೇಲೆ ನಿಂತಿದೆ, ಇದನ್ನ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದೇ. ಸೂಕ್ಷ್ಮಜೀವಿ 100 ಗ್ರಾಂ ಕಾರ್ಬನ್ ತಿಂದ್ರೆ ಸುಮಾರು 40 ಗ್ರಾಂ ಮೈಗೆ ಸೇರಿಸುತ್ತೆ, ಉಳಿದದ್ದು ಉಸಿರಾಗಿ ಹೋಗುತ್ತೆ ಅಂತ ಇಟ್ಕೊಳ್ಳಿ. ಅದರ ಮೈಯಲ್ಲಿ 8 ಗ್ರಾಂ ಕಾರ್ಬನ್‌ಗೆ 1 ಗ್ರಾಂ ನೈಟ್ರೋಜನ್ ಅಂದ್ಕೊಂಡ್ರೆ 40 ಗ್ರಾಂಗೆ 5 ಗ್ರಾಂ ನೈಟ್ರೋಜನ್ ಬೇಕು. ಒಣ ಹುಲ್ಲಿನಲ್ಲಿ ಕಾರ್ಬನ್ ನೈಟ್ರೋಜನ್ ಅನುಪಾತ 80 ಇದ್ರೆ, ಅಂದ್ರೆ 80 ಗ್ರಾಂ ಕಾರ್ಬನ್‌ಗೆ 1 ಗ್ರಾಂ ನೈಟ್ರೋಜನ್ ಇದ್ರೆ, ಆ 100 ಗ್ರಾಂ ಜೊತೆ ಬರೋದು ಬರೀ 1.25 ಗ್ರಾಂ. ಬಾಕಿ 3.75 ಗ್ರಾಂ ಅವು ಎಲ್ಲಿಂದ ತರ್ತವೆ? ಸುತ್ತಲಿನ ಮಣ್ಣಿನಿಂದಲೇ, ಅಂದ್ರೆ ಗಿಡದ ಪಾಲಿನಿಂದಲೇ, ಅದಕ್ಕೇ ಎಲೆ ಹಳದಿ ಆಗೋದು. ಅದೇ 12 ಅನುಪಾತದ ಎಳೆ ದ್ವಿದಳ ಸೊಪ್ಪು ಹಾಕಿದ್ರೆ 8 ಗ್ರಾಂ ಮೇಲೆ ಸಿಗುತ್ತೆ, 3 ಗ್ರಾಂ ಮಿಗುತ್ತೆ, ಆ ಮಿಕ್ಕಿದ್ದನ್ನ ಅವು ಅಮೋನಿಯಂ ಆಗಿ, ಅಂದ್ರೆ ಬೇರು ಎಳ್ಕೊಳ್ಳೋ ರೂಪದಲ್ಲಿ, ಹೊರಗೆ ಬಿಡ್ತವೆ. ಈ ಲೆಕ್ಕದಲ್ಲಿ ಸರಿಸಮ ಆಗೋದು 20ಕ್ಕೆ, ಹೊಲದಲ್ಲೂ 20ರಿಂದ 25ರ ಆಸುಪಾಸು ಅಂತಾರೆ.

ಹುಲ್ಲು ಹಾಕಿದಾಗ ಸೂಕ್ಷ್ಮಜೀವಿಗಳ ಮೈಯಲ್ಲಿ ಕಟ್ಟಿಹೋದ ನೈಟ್ರೋಜನ್ ಕಳೆದುಹೋಯ್ತು ಅಂತ ಬೇಜಾರಾಗಬೇಡಿ. ಮಣ್ಣಲ್ಲಿ ಪ್ರೋಟೊಜೋವಾ ಅನ್ನೋ ಒಂದೇ ಕೋಶದ ಜೀವಿಗಳು ಮತ್ತು ಕೆಲವು ನೆಮಟೋಡ್‌ಗಳು (ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳು) ಬ್ಯಾಕ್ಟೀರಿಯಾನ ತಿಂದೇ ಬದುಕ್ತವೆ, ಬ್ಯಾಕ್ಟೀರಿಯಾ ಮೈಯಲ್ಲಿ ಅವಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ನೈಟ್ರೋಜನ್ ಇರೋದ್ರಿಂದ ಹೆಚ್ಚಾದದ್ದನ್ನ ಅಮೋನಿಯಂ ಆಗಿ ವಿಸರ್ಜಿಸ್ತವೆ, ಇದು ಬೇರಿನ ಪಕ್ಕದಲ್ಲೇ ಜಾಸ್ತಿ ನಡೆಯುತ್ತೆ ಯಾಕಂದ್ರೆ ಬ್ಯಾಕ್ಟೀರಿಯಾ ದಟ್ಟವಾಗಿರೋದೂ ಅಲ್ಲೇ. ನೆಮಟೋಡ್ ಅಂದ್ರೆ ಬೇರು ಹಾಳು ಮಾಡೋ ಹುಳ ಅಂತ ಮಾತ್ರ ಗೊತ್ತಿರೋರಿಗೆ ಈ ವಿಷಯ ಖಂಡಿತ ಗೊತ್ತಾಗಬೇಕು.

ಅಮೋನಿಯಂ ಪಾಸಿಟಿವ್ ಚಾರ್ಜ್ ಇರೋದು, ಜೇಡಿ ಅದನ್ನ ಹಿಡಿದಿಟ್ಟುಕೊಳ್ಳುತ್ತೆ. ಅದನ್ನೇ ಉರಿಸಿ ಶಕ್ತಿ ಪಡೆಯೋ ಬೇರೆ ಸೂಕ್ಷ್ಮಜೀವಿಗಳಿವೆ, 1890ರ ಸುಮಾರಿಗೆ ಸೂಕ್ಷ್ಮಜೀವಿ ವಿಜ್ಞಾನಿ ಸರ್ಗೆಯ್ ವಿನೊಗ್ರಾಡ್ಸ್ಕಿ ತೋರಿಸಿಕೊಟ್ಟಿದ್ದು ಇವನ್ನೇ, ಅವು ಅಮೋನಿಯಂನ ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡ್ತವೆ. ನೈಟ್ರೇಟ್ ಬೇರಿಗೆ ಸಲೀಸು ಆದ್ರೆ ಜೇಡಿಗೆ ಅಂಟಲ್ಲ, ಜೋರು ಮಳೆಗೆ ಕೆಳಗೆ ಇಳಿದುಹೋಗುತ್ತೆ, ನೀರು ನಿಂತ್ರೆ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನ ಗ್ಯಾಸ್ ಮಾಡಿ ಗಾಳಿಗೆ ಬಿಡ್ತವೆ.

ಗಿಡ ಅಮೈನೋ ಆಸಿಡ್‌ನ ನೇರವಾಗಿ ತಗೊಳ್ಳೋದೇ ಇಲ್ವಾ ಅಂತ ಕೇಳಬಹುದು, ತಗೊಳ್ಳುತ್ತೆ. ಕೊಳೆಯೋದು ನಿಧಾನ ಇರೋ ಚಳಿ ಪ್ರದೇಶದ ಕಾಡುಗಳಲ್ಲಿ ಮರಗಳು ಅಮೈನೋ ಆಸಿಡ್ ಎಳ್ಕೊಳ್ಳೋದು 1998ರಲ್ಲೇ ಪ್ರಕಟವಾದ ಪ್ರಯೋಗದಲ್ಲಿ ಗೊತ್ತಾಗಿದೆ, ಬೇರಿಗೆ ಜೊತೆಯಾಗಿರೋ ಕೆಲವು ಮೈಕೋರೈಜಾ ಫಂಗಸ್‌ಗಳು ಪ್ರೋಟೀನ್ ಕತ್ತರಿಸಿ ನೈಟ್ರೋಜನ್ ತಂದುಕೊಡ್ತವೆ. ಆದ್ರೆ ಗೊಬ್ಬರ ಬೀಳೋ ಹೊಲದಲ್ಲಿ ಗಿಡ ಹೆಚ್ಚಾಗಿ ನಂಬಿಕೊಂಡಿರೋದು ನೈಟ್ರೇಟ್ ಮತ್ತು ಅಮೋನಿಯಂನೇ.

ಹಾಗಾದ್ರೆ ಮಾಡೋದೇನು? ಒಣ ಹುಲ್ಲು, ಮರದ ಪುಡಿ ಇಂಥದ್ದನ್ನ ಮಣ್ಣಿಗೆ ಬೆರೆಸಬೇಕು ಅಂದ್ರೆ ಬಿತ್ತನೆಗೆ ಸಾಕಷ್ಟು ಮೊದಲೇ ಬೆರೆಸಿ, ಇಲ್ಲಾಂದ್ರೆ ಜೊತೆಗೆ ಎಳೆ ಸೊಪ್ಪೋ ಹಿಂಡಿಯೋ ಸೇರಿಸಿ. ಬರೀ ಹೊದಿಕೆ ಥರ ಮೇಲೆ ಹರಡಿದ್ರೆ ಈ ಪೈಪೋಟಿ ಹೆಚ್ಚಾಗಿ ಮೇಲ್ಪದರದಲ್ಲೇ ಉಳಿಯುತ್ತೆ, ಬೇರಿನವರೆಗೆ ಅಷ್ಟಾಗಿ ಹೋಗಲ್ಲ. ಹಿಂಡಿಯನ್ನ ಮಾತ್ರ ಮೇಲೆ ಚೆಲ್ಲಿ ಬಿಡಬೇಡಿ, ಮಣ್ಣಲ್ಲಿ ಮುಚ್ಚಿ, ಘಾಟು ವಾಸನೆ ಬರ್ತಿದೆ ಅಂದ್ರೆ ಅಮೋನಿಯಾ ಗಾಳಿಗೆ ಹೋಗ್ತಿದೆ ಅಂತ ಅರ್ಥ, ಬೀಜದ ಬುಡಕ್ಕೇ ಹಾಕಿದ್ರೆ ಅದೇ ಅಮೋನಿಯಾ ಮೊಳಕೆ ಸುಡುತ್ತೆ. ಮಣ್ಣು ತೇವವಾಗಿ, ಬೆಚ್ಚಗೆ, ಗಾಳಿಯಾಡೋ ಹಾಗಿದ್ರೆ ವಾರಗಳಲ್ಲಿ ನೈಟ್ರೋಜನ್ ಬರೋಕೆ ಶುರು ಆಗುತ್ತೆ, ಒಣಗಿದ್ರೆ ಅಥವಾ ತುಂಬಾ ತಣ್ಣಗಿದ್ರೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು.